ಓಡ್ತಾನೇ ಇದ್ದೆ, ವಾಚ್ ಮಾತ್ರ ನಂಬಲಿಲ್ಲ

ಮತ್ತೆ ಅದೇ ಮಂಡಿ. ಬಲಗಾಲು, ಹೊರಮಗ್ಗುಲು, ಅದೇ ಜಾಗ. ಮ್ಯಾರಥಾನ್ ತಯಾರಿ ಅಂತ ಇವತ್ತು 30 ಕಿಲೋಮೀಟರ್ ಓಡೋಕೆ ಹೊರಟಿದ್ದೆ. ಈ ಸಲ ನೋವು 23ನೇ ಕಿಲೋಮೀಟರ್‌ಗೆ.

ಇನ್ನೂ ಸ್ನಾನ ಮಾಡಿಲ್ಲ. ಬೆವರು ಒಣಗಿ ಮುಖದ ಮೇಲೆ ಉಪ್ಪು ನಿಂತಿದೆ. ಇರಲಿ, ಮೊದಲು ಇದನ್ನು ಬರೆದು ಮುಗಿಸುತ್ತೇನೆ. "ನಿಧಾನಕ್ಕೆ ಓಡು, ಏನೂ ಆಗಲ್ಲ" ಅಂದವರು ಯಾರು ಅಂತ ಅವರಿಗೇ ಗೊತ್ತು. ನಿಧಾನಕ್ಕೇ ಓಡಿದೆ ಸ್ವಾಮಿ. ಇದಕ್ಕಿಂತ ನಿಧಾನ ಅಂದರೆ ಮಲಗಬೇಕು.

22ರವರೆಗೆ ಚೆನ್ನಾಗಿಯೇ ಇತ್ತು. ಆಮೇಲೆ ಇಳಿಜಾರು. ಇಳಿಜಾರು ಸಲೀಸು ಅಂದುಕೊಳ್ಳುತ್ತಾರೆ ಜನ. ಪ್ರತಿ ಹೆಜ್ಜೆಗೂ ಯಾರೋ ಮಂಡಿಗೆ ಬಿಸಿ ಸೂಜಿ ಒತ್ತಿದ ಹಾಗೆ. ಆದರೂ ನಿಲ್ಲಲಿಲ್ಲ. ಕಾಲು ಎಳೆದುಕೊಂಡೇ ಓಡುತ್ತಿದ್ದೆ. ಗಮನಿಸಿ, ಓಡುತ್ತಿದ್ದೆ.

ಆಗ ಕೈಮೇಲೆ ವಾಚ್ ಗುಂಯ್ ಅಂತು. ನೋಡಿದರೆ ಆಟೋ ಪಾಜ್! ನಾನು ನಿಂತುಬಿಟ್ಟಿದ್ದೇನೆ ಅಂತ ಅದೇ ತೀರ್ಮಾನ ಮಾಡಿಕೊಂಡಿದೆ. ಅಷ್ಟರಲ್ಲಿ ಹಿಂದೆ ಚಪ್ಪಲಿ ಸದ್ದು. ಚಪ್ಪಲಿ! ಫೋನಿನಲ್ಲಿ ಮಾತಾಡುತ್ತಾ ವಾಕಿಂಗ್ ಬಂದ ಹಿರಿಯರೊಬ್ಬರು ನನ್ನನ್ನು ದಾಟಿಕೊಂಡು ಹೋದರು. ಓಡಿ ಅಲ್ಲ, ನಡೆದು. ನಾಲ್ಕು ಹೆಜ್ಜೆ ಮುಂದೆ ಹೋಗಿ, ಫೋನಿಗೆ "ಒಂದ್ನಿಮಿಷ ಇರು" ಅಂದು, ತಿರುಗಿ ಕೇಳಿದರು: "ಯಾಕಪ್ಪಾ, ಕಾಲಿಗೆ ಏನಾಯ್ತು? ಯಾರನ್ನಾದ್ರೂ ಕರೀಲಾ?"

ನಾನು ಏನಂದೆ ಗೊತ್ತಾ? "ಇಲ್ಲ ಸಾರ್, ಕೂಲ್ ಡೌನ್ ಮಾಡ್ತಿದೀನಿ."

ಕೂಲ್ ಡೌನ್! ಓಟ ಮುಗಿದ ಮೇಲೆ ನಿಧಾನಕ್ಕೆ ನಡೆದು ಸುಧಾರಿಸಿಕೊಳ್ಳೋದು ಅದು. ಇನ್ನೂ 7 ಕಿಲೋಮೀಟರ್ ಬಾಕಿ ಇಟ್ಟುಕೊಂಡು! ಅವರು ತಲೆಯಾಡಿಸಿ ಮುಂದೆ ಹೋದರು. ಫೋನಿಗೆ "ಏನಿಲ್ಲ, ಯಾರೋ ಪಾಪ ಕುಂಟ್ತಾ ಇದ್ರು" ಅಂದಿದ್ದು ಕೇಳಿಸಿತು. ಇನ್ನೂ ಕೇಳಿಸುತ್ತಲೇ ಇದೆ. ಕುಂಟು ಅಂದಿದ್ದಕ್ಕೆ ಬೇಜಾರಿಲ್ಲ. ಆ 'ಪಾಪ' ಯಾಕೆ ಬೇಕಿತ್ತು?

ಐಟಿ ಬ್ಯಾಂಡ್ ಅಂತೆ, ತೊಡೆಯ ಹೊರಮಗ್ಗುಲಲ್ಲಿ ಸೊಂಟದಿಂದ ಮಂಡಿಯವರೆಗೆ ಇಳಿಯುವ ಪಟ್ಟಿ. ನಡೆದರೆ ನೋವಿಲ್ಲ, ಕೂತರೆ ನೋವಿಲ್ಲ. ಮನೆಯಲ್ಲಿ ಯಾರೂ ನಂಬುವುದೂ ಇಲ್ಲ. ನೋವು ಮಂಡಿಯದು, ತಪ್ಪು ಸೊಂಟದ್ದು ಅಂದರು ಫಿಸಿಯೋ. ದಿನವಿಡೀ ಕುರ್ಚಿಯಲ್ಲಿ ಕೂತು ಕುಂಡಿಯ ಸ್ನಾಯು ಸೋಮಾರಿಯಾಗಿದೆಯಂತೆ. ಒಬ್ಬ ಕೆಲಸ ಮಾಡಲ್ಲ, ಇನ್ನೊಬ್ಬನಿಗೆ ಹೊಡೆತ. ಆಫೀಸಿನಲ್ಲೂ ಇದೇ ಅಲ್ವಾ.

ಸರಿ, ಒಂದು ಒಪ್ಪಿಕೊಳ್ಳುತ್ತೇನೆ. ತಯಾರಿಯ 8ನೇ ವಾರ ಜ್ವರ ಬಂದು ಒಂದು ಹೆಜ್ಜೆಯೂ ಓಡಿರಲಿಲ್ಲ. ವಾರದ ಓಟವನ್ನು ಶೇ 10ಕ್ಕಿಂತ ಜಾಸ್ತಿ ಏರಿಸಬೇಡಿ ಅನ್ನೋದು ಗೊತ್ತಿತ್ತು. ಬೇರೆಯವರಿಗೆ ನಾನೇ ಹೇಳಿದ್ದೇನೆ, ಅದೂ ದೊಡ್ಡ ಗುರುವಿನ ಹಾಗೆ. ಆದರೆ ಓಟದ ಲೆಕ್ಕ ಬರೆಯುವ ಶೀಟಿನಲ್ಲಿ ಖಾಲಿ ಉಳಿದ ಚೌಕಗಳನ್ನು ನೋಡೋಕಾಗಲಿಲ್ಲ. ಉದ್ದದ ಓಟ 18 ಕಿಲೋಮೀಟರ್‌ನಲ್ಲಿತ್ತು, 9ನೇ ವಾರ ಸೀದಾ 26ಕ್ಕೆ ಹಾರಿದೆ. ಮೊದಲ ಸಲ ನೋವು ಬಂದಿದ್ದು ಆವತ್ತೇ. ಹಾಗಾದರೆ ತಪ್ಪು ನನ್ನದೇನಾ? ಅಲ್ಲ. ಸ್ವಲ್ಪ.

ಅದಿರಲಿ, ಮ್ಯಾರಥಾನಿನ ಈ 42.195 ಕಿಲೋಮೀಟರ್ ಯಾರ ತಲೆಯಿಂದ ಬಂತು? 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಕೋಟೆಯಿಂದ ಹೊರಟು ಸ್ಟೇಡಿಯಮ್ಮಿನಲ್ಲಿ ರಾಜಮನೆತನದವರ ಆಸನದ ಎದುರು ಮುಗಿಸಿದರು. ಅವರು ಆರಾಮಾಗಿ ಕೂತು ನೋಡಿದ್ದಕ್ಕೆ ನನ್ನ ಮಂಡಿ ಇವತ್ತು ಬೆಲೆ ತೆರಬೇಕು. 30ಕ್ಕೆ ಮುಗಿಸಿದ್ದರೆ ಏನಾಗುತ್ತಿತ್ತು? (ನಾನು 30 ಕೂಡ ಮುಟ್ಟಲಿಲ್ಲ, ಗೊತ್ತು. ಸುಮ್ನಿರಿ.)

ಯಾರಾದರೂ ಉತ್ತರ ಕೊಡಿ. ಮ್ಯಾರಥಾನ್‌ಗೆ ಐದು ವಾರ ಉಳಿದಿದೆ. ನಿಲ್ಲಿಸಿದರೆ ದಮ್ಮು ಹೋಗುತ್ತೆ, ಓಡಿದರೆ ಮಂಡಿ ಹೋಗುತ್ತೆ. ಯಾವುದನ್ನು ಬಿಡಲಿ? "ದೇಹದ ಮಾತು ಕೇಳಿ" ಅನ್ನುವವರು ದಯವಿಟ್ಟು ದೂರ ಇರಿ. ನನ್ನ ದೇಹ 2ನೇ ಕಿಲೋಮೀಟರ್‌ನಿಂದಲೇ "ಮನೆಗೆ ಹೋಗೋಣ" ಅನ್ನುತ್ತೆ. ಯಾವ ಮಾತು ಕೇಳಲಿ?

ಬೇಡ ಬಿಡಿ. ಈ ಸಲ ಹಾಫ್ ಮ್ಯಾರಥಾನ್‌ಗೆ ಬದಲಾಯಿಸಿಕೊಳ್ಳುತ್ತೇನೆ. 21 ಏನು ಕಡಿಮೆಯಾ?

ಈಗ ಎದ್ದು ಎರಡು ಸಲ ಮೆಟ್ಟಿಲು ಇಳಿದು ನೋಡಿದೆ. ಅಷ್ಟೇನೂ ನೋವಿಲ್ಲ. ಈ ವಾಚಿನಲ್ಲಿ ಆಟೋ ಪಾಜ್ ಆಫ್ ಮಾಡೋದು ಎಲ್ಲಿ, ಅದನ್ನಾದರೂ ಹೇಳಿ.