ಪ್ರಾಣಿಯೊಂದಕ್ಕೆ ಎಷ್ಟು ಬಿತ್ತು?

ಕುದುರೆಮುಖಕ್ಕೆ ಹೋಗೋಣವೆಂದು ಮೊದಲು ಬಾಯಿಬಿಟ್ಟವನು ನಾನೇ ಆದ್ದರಿಂದ, ಆಮೇಲೆ ನಡೆದುದಕ್ಕೆಲ್ಲ ನಾನೇ ಹೊಣೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಕಾಡನ್ನು ಹೊಗಲು ಹಣ ಕಟ್ಟಬೇಕೆಂಬ ಸಂಗತಿ, ತೀರ್ಥಹಳ್ಳಿಯ ಕಡೆಯ ಸಹಕಾರ ಸಂಘವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದ ನಮ್ಮ ಭಾವನವರಿಗೆ ಜೀರ್ಣವಾಗಲಿಲ್ಲ. "ನಮ್ಮ ತೋಟಕ್ಕೆ ಕಾಟಿ, ಹಂದಿ, ಮಂಗ ಎಲ್ಲ ಬಂದುಹೋಗ್ತವೆ. ನಾವು ಒಂದು ದಿನವಾದ್ರೂ ಚೀಟಿ ಹರಿದಿದ್ದೀವಾ?" ಎಂದರು.

ಶಿಖರಕ್ಕೆ ದಿನಕ್ಕೆ 300 ಜನರಿಗಷ್ಟೇ ಅವಕಾಶ. ಅದಕ್ಕೂ ಜಾಲತಾಣದಲ್ಲಿ ಮೊದಲೇ ಹೆಸರು ತುಂಬಿ ಹಣ ಕಟ್ಟಬೇಕು. ಭಾವನವರು ಕನ್ನಡಕ ಹುಡುಕಿ, ಆಧಾರ್ ಕಾರ್ಡು ಹುಡುಕಿ, ಅದರಲ್ಲಿ ತಮ್ಮ ಇನಿಷಿಯಲ್ ಹಿಂದುಮುಂದಾಗಿದೆಯೆಂದು ಬೇಸರಪಟ್ಟು ಮುಗಿಸುವಷ್ಟರಲ್ಲಿ ಭಾನುವಾರಗಳೆಲ್ಲ ಭರ್ತಿಯಾಗಿ, ನಮ್ಮ ಪಾಲಿಗೆ ಉಳಿದದ್ದು ಹುಬ್ಬೆ ಮಳೆಯ ನಡುವಿನ ಒಂದು ಮಂಗಳವಾರ. ಶುಲ್ಕ, ಮಾರ್ಗದರ್ಶಿಯ ಸಂಭಾವನೆ, ಸಂಸೆಯ ಕಡೆಯಿಂದ ಮುಳ್ಳೋಡಿಗೆ ಏರಿದ ಜೀಪಿನ ಬಾಡಿಗೆ ಎಲ್ಲ ಸೇರಿ ನಾಲ್ವರಿಗೆ 5,040 ರೂಪಾಯಿ ತಗುಲಿತು. ಭಾವನವರು ಜೇಬಿನ ಪುಸ್ತಕ ತೆರೆದು, ಒಂದು ಪುಟದಲ್ಲಿ ಅದನ್ನು ಖರ್ಚೆಂದು ಬರೆದು, ಎದುರಿನ ಪುಟದಲ್ಲಿ 'ಜಮಾ' ಎಂಬ ತಲೆಬರಹ ಕೊಟ್ಟರು. ಕಂಡ ಪ್ರಾಣಿಗಳೆಲ್ಲ ಅಲ್ಲಿಗೆ, ಸಂಜೆ ಭಾಗಾಕಾರ.

ಎರಡು ತಾಸು ನಡೆದರೂ ಜಮೆಯ ಪುಟ ಒದ್ದೆಯಾಯಿತೇ ಹೊರತು ತುಂಬಲಿಲ್ಲ. 600 ಚದರ ಕಿಲೋಮೀಟರ್ ಕಾಡಿರುವಾಗ ಹುಲಿಗೆ ನಮ್ಮ ಕಾಲುದಾರಿಗೇ ಬರಬೇಕಾದ ದರ್ದೇನೆಂದು ಮಾರ್ಗದರ್ಶಿಯ ಹುಡುಗ ಸಮಾಧಾನ ಹೇಳಿದ. ಶೋಲಾ ಕಾಡಿನೊಳಗೆಲ್ಲೋ ಕೂಗಿದ ಸಿಂಗಳೀಕವನ್ನು, ಕಣ್ಣಿಗೆ ಬೀಳಲಿಲ್ಲವೆಂಬ ಕಾರಣಕ್ಕೆ, ಭಾವನವರು 'ಬಾಕಿ' ಎಂದು ಬರೆದುಕೊಂಡರು. ಕಾಟಿಯ ಹಸಿ ಸಗಣಿ ಕಂಡಾಗ ಅದನ್ನು ಅರ್ಧ ಕಾಟಿಯೆಂದು ಹಿಡಿಯಬೇಕೆಂದು ನಾನೂ, ಹೆಚ್ಚೆಂದರೆ ಮುಂಗಡವೆಂದು ಹಿಡಿಯಬಹುದೆಂದು ಅವರೂ ಮಳೆಯಲ್ಲಿ ನಿಂತು ವಾದಿಸಿದೆವು. (ಲೆಕ್ಕ ಬಲ್ಲವರೊಡನೆ ಸಗಣಿಯ ವಿಷಯದಲ್ಲೂ ಗೆಲ್ಲಲಾಗದು.) 1,894 ಮೀಟರ್ ಎತ್ತರದ ನೆತ್ತಿಯಲ್ಲಿ ಮಂಜಿತ್ತು, ಮಂಜಿಗೆ ಜಮೆ ಇಲ್ಲ. ಇಳಿಯುವಾಗ ಕಂಡ ಒಂದೇ ಒಂದು ಕೆಂದಳಿಲಿನ ತಲೆಯ ಮೇಲೆ ಪೂರ್ತಿ 5,040 ರೂಪಾಯಿಯೂ ಬಿದ್ದು, ಭಾವನವರು ಮುಳ್ಳೋಡಿಯವರೆಗೆ ಮಾತಾಡಲಿಲ್ಲ.

ಅಲ್ಲಿ ಜಗಲಿಯ ಮೇಲೆ ಕೂತು ಕಾಲುಚೀಲ ಕಳಚಿದರೆ, ಹೀರಿ ಹೀರಿ ದ್ರಾಕ್ಷಿಯಂತಾಗಿದ್ದ ಉಂಬಳಗಳು. ನನ್ನಾಕೆ ಸುಣ್ಣದ ಡಬ್ಬಿ ಹಿಡಿದು ಬಂದಳು.

"ಇರೇ ತಂಗಿ, ಎಣಿಸದೆ ಒಂದನ್ನೂ ತೆಗೀಬೇಡ" ಎಂದು ಭಾವನವರು ಕೈ ಅಡ್ಡ ಹಿಡಿದರು. ನಾಲ್ವರ ಕಾಲುಗಳನ್ನೂ ಸಾಲಾಗಿ ನೀಡಿಸಿ, ಸೀಮೆ ಸುಂಕದವರಂತೆ ಪರಿಶೀಲಿಸಿದರು. ಉಂಬಳ ನಲವತ್ತೊಂದು, ಅಳಿಲು ಒಂದು. ಬೆಳಗಿನಿಂದ ಮೊದಲ ಬಾರಿಗೆ ಅವರ ಮುಖ ಅರಳಿತು.

"ನೂರಿಪ್ಪತ್ತು ರೂಪಾಯಿಗೆ ಒಂದು. ಪರವಾಗಿಲ್ಲ" ಎಂದವರು, ನನ್ನ ಅಂಗಿಯ ಕಾಲರನ್ನು ದಿಟ್ಟಿಸಿ ಮತ್ತೆ ಪೆನ್ನಿನ ಮುಚ್ಚಳ ತೆಗೆದರು. "ಅಲ್ಲಾಡಬೇಡಿ, ಇನ್ನೊಂದಿದೆ."