ಭಾನುವಾರ ಪಿಸ್ಕಾಟವೇಗೆ ಬನ್ನಿ, ಪಟ್ಟಿಯ ತಳದಲ್ಲಿರುವ ಎರಡು ತಂಡಗಳ ಬಾಸ್ಕೆಟ್‌ಬಾಲ್ ಆಟವಿದೆ

"ಅಮ್ಮಾ, ಎರಡೂ ಸೋಲೋ ಟೀಮೇ ಅಲ್ವಾ? ಅದನ್ನ ನೋಡೋಕೆ ಯಾಕೆ ಹೋಗ್ಬೇಕು?"

ನಿನ್ನೆ ರಾತ್ರಿ ಊಟದ ತಟ್ಟೆ ಎತ್ತಿಡುತ್ತಾ ನನ್ನ ಮಗಳು ಕೇಳಿದ ಪ್ರಶ್ನೆ ಇದು. ಅವಳಿಗೀಗ 13. ಅವಳೂ ಸ್ಕೂಲ್ ಟೀಮಿನಲ್ಲಿ ಆಡುತ್ತಾಳೆ, ಈ ಸಲ ಅವರ ಟೀಮೂ ಹೆಚ್ಚು ಗೆದ್ದಿಲ್ಲ. ಹಾಗಾಗಿ ಆ ಪ್ರಶ್ನೆಯನ್ನು ತಮಾಷೆ ಅಂತ ಬಿಟ್ಟುಬಿಡಲು ನನಗಾಗಲಿಲ್ಲ. ಅವಳಿಗೆ ಹೇಳಿದ್ದನ್ನು, ಹೇಳಲು ಮರೆತದ್ದನ್ನು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಎಡಿಸನ್, ಪಿಸ್ಕಾಟವೇ ಸುತ್ತಮುತ್ತ ಇರುವ ನಮ್ಮ ಕನ್ನಡದವರು ದಯವಿಟ್ಟು ಕೊನೆತನಕ ಓದಿ. ಈ ಬರಹ ಮುಖ್ಯವಾಗಿ ನಿಮಗೇ.

ಆಟ ರಟ್ಗರ್ಸ್ ಮತ್ತು ನಾರ್ತ್‌ವೆಸ್ಟರ್ನ್ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಗಳ ನಡುವೆ. ಒಂದು ನಮ್ಮ ನ್ಯೂಜೆರ್ಸಿಯದ್ದು, ಇನ್ನೊಂದು ಚಿಕಾಗೋ ಪಕ್ಕದ ಎವನ್‌ಸ್ಟನ್‌ನದ್ದು. ಎರಡೂ ಬಿಗ್ ಟೆನ್ ಕಾನ್ಫರೆನ್ಸಿನ, ಅಂದರೆ ತಮ್ಮತಮ್ಮಲ್ಲೇ ಆಡಿಕೊಳ್ಳುವ ಯೂನಿವರ್ಸಿಟಿಗಳ ಒಂದು ಗುಂಪಿನ ತಂಡಗಳು. ಹೆಸರಲ್ಲಿ ಟೆನ್ ಅಂತಿದ್ದರೂ 2024ರಿಂದ ಅದರಲ್ಲಿ 18 ಯೂನಿವರ್ಸಿಟಿಗಳಿವೆ. ಆ 18ರ ಪಟ್ಟಿಯನ್ನು ಮೇಲಿನಿಂದ ಓದಲು ಶುರು ಮಾಡಿದರೆ ನಮ್ಮ ತಂಡ ಸಿಗುವಷ್ಟರಲ್ಲಿ ಬೆರಳು ಸ್ಕ್ರೀನಿನ ತಳ ಮುಟ್ಟಿರುತ್ತದೆ. ನಾರ್ತ್‌ವೆಸ್ಟರ್ನ್ ಅಲ್ಲೇ ಅಕ್ಕಪಕ್ಕ. ಇದು ಈ ವರ್ಷ ಶುರುವಾದ ಕಷ್ಟವೂ ಅಲ್ಲ. 2023-24ರಲ್ಲಿ ಕಾನ್ಫರೆನ್ಸಿನ 18 ಆಟಗಳಲ್ಲಿ ರಟ್ಗರ್ಸ್ ಗೆದ್ದದ್ದು 2, ನಾರ್ತ್‌ವೆಸ್ಟರ್ನ್ ಗೆದ್ದದ್ದು 4.

ಹಾಗಾದರೆ ಈ ಆಟದಲ್ಲಿ ಏನಿದೆ? ಮೊದಲನೆಯದಾಗಿ, ಸೀಸನ್ ಮುಗಿದಾಗ ನಡೆಯುವ ಬಿಗ್ ಟೆನ್ ಟೂರ್ನಮೆಂಟಿಗೆ ಹೋಗುವುದು 15 ತಂಡಗಳು ಮಾತ್ರ. ಉಳಿದ 3 ತಂಡಗಳ ಹುಡುಗಿಯರು ಬ್ಯಾಗು ಬಿಚ್ಚಿ ಹಾಸ್ಟೆಲ್ಲಿನಲ್ಲೇ ಕೂರಬೇಕು. ಮೇಲಿರುವ ಯುಸಿಎಲ್‌ಎಯಂಥ ತಂಡಗಳಿಗೆ ಒಂದು ಆಟ ಸೋತರೆ ಒಂದು ಸ್ಥಾನ ಕೆಳಗಿಳಿಯಬಹುದು, ಅಷ್ಟೇ. ತಳದಲ್ಲಿರುವವರಿಗೆ ಪರಸ್ಪರ ಆಡುವ ಆಟವೇ ಇಡೀ ವರ್ಷದ ಪರೀಕ್ಷೆ. ದೊಡ್ಡ ತಂಡವನ್ನು ಸೋಲಿಸುವ ಭರವಸೆ ಕಡಿಮೆ ಇರುವಾಗ, ಗೆಲ್ಲಲೇಬೇಕು ಅಂತ ಇಡೀ ತಂಡ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಇಂಥ ದಿನವನ್ನೇ.

ಎರಡನೆಯದು ನನಗೆ ಹೆಚ್ಚು ಹತ್ತಿರದ ವಿಷಯ. ಇವೆರಡೂ ಎಂದೂ ಗೆದ್ದೇ ಇಲ್ಲದ ತಂಡಗಳಲ್ಲ.

ನಾನು ಮದುವೆಯಾಗಿ ಎಡಿಸನ್‌ಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಕೆಲಸ ಮಾಡುವಂತಿಲ್ಲದ ವೀಸಾ, ಕಾರು ಓಡಿಸಲು ಬರದು, ನಾಲ್ಕೂವರೆಗೇ ಕತ್ತಲು. ಯಜಮಾನರ ಆಫೀಸಿನ ಗೆಳೆಯರೊಬ್ಬರು ರಟ್ಗರ್ಸ್‌ನಲ್ಲಿ ಓದಿದವರು. ನಾನು ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದವಳು ಅಂತ ಗೊತ್ತಾದ ದಿನದಿಂದ ನನಗೆ ಈ ತಂಡದ ಸುದ್ದಿ ಒಪ್ಪಿಸತೊಡಗಿದರು. ಆ ಸಲ ತಂಡದಲ್ಲಿ ಇದ್ದದ್ದೇ 10 ಹುಡುಗಿಯರು. ಅದರಲ್ಲಿ 5 ಜನ ಮೊದಲ ವರ್ಷದವರು, ಕೊನೆಯ ವರ್ಷದವರು ಒಬ್ಬರೂ ಇಲ್ಲ. ಮೊದಲ 6 ಆಟಗಳಲ್ಲಿ 4 ಸೋಲು. ಡಿಸೆಂಬರಿನಲ್ಲಿ ಡ್ಯೂಕ್ ತಂಡ ಇಲ್ಲಿಗೇ ಬಂದು, ಇವರದೇ ಕೋರ್ಟಿನಲ್ಲಿ ಇವರನ್ನು 85-45ರಿಂದ ಸೋಲಿಸಿ ಹೋಯಿತು. 40 ಪಾಯಿಂಟಿನ ಸೋಲು ಅಂದರೆ ಏನು ಅಂತ ಆಡಿದವರಿಗೆ ಗೊತ್ತು. ಕೊನೆಯ ಹತ್ತು ನಿಮಿಷ ಕೋರ್ಟಿನಲ್ಲಿ ಯಾರ ಮುಖವನ್ನೂ ನೋಡಲು ಆಗುವುದಿಲ್ಲ.

ಅದೇ ತಂಡ, ಅದೇ ಹುಡುಗಿಯರು, ಮಾರ್ಚಿನಲ್ಲಿ ರಾಷ್ಟ್ರಮಟ್ಟದ ಟೂರ್ನಮೆಂಟಿನಲ್ಲಿ ಮತ್ತೆ ಡ್ಯೂಕ್ ಎದುರಿಗೆ ನಿಂತರು. ಡ್ಯೂಕ್ ಆಗ ದೇಶದ ನಂಬರ್ 1. ನಮ್ಮ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ, ಯಾರೋ ಕೊಟ್ಟುಹೋಗಿದ್ದ ಹಳೇ ಟಿವಿಯಲ್ಲಿ ಆ ಆಟ ನೋಡಿದೆ. ರಟ್ಗರ್ಸ್ 53, ಡ್ಯೂಕ್ 52. ಗಡಿಯಾರದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿದಿರುವಾಗ ಡ್ಯೂಕ್‌ಗೆ ಎರಡು ಫ್ರೀ ಥ್ರೋ (ಯಾರೂ ಅಡ್ಡಬಾರದೆ ಎಸೆಯುವ, ಒಂದೊಂದು ಪಾಯಿಂಟಿನ ಅವಕಾಶ) ಸಿಕ್ಕವು. ಎರಡೂ ಒಳಗೆ ಬೀಳಲಿಲ್ಲ. ಈ ದೇಶಕ್ಕೆ ಬಂದಮೇಲೆ ನಾನು ಮೊದಲ ಸಲ ಜೋರಾಗಿ ಕೂಗಿದ್ದು ಅವತ್ತು. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದ್ದರು.

ಫೈನಲ್‌ನಲ್ಲಿ ಟೆನೆಸ್ಸಿ ಎದುರು 59-46ರಿಂದ ಸೋತರು. ಅದರ ಮರುದಿನ ರೇಡಿಯೋದಲ್ಲಿ ಒಬ್ಬ ದೊಡ್ಡ ಹೆಸರಿನ ನಿರೂಪಕ, ಡಾನ್ ಐಮಸ್, ಆ ಹುಡುಗಿಯರ ಬಣ್ಣ, ಕೂದಲನ್ನು ಹೀಯಾಳಿಸಿ ಮಾತಾಡಿದ. ಆ ಮಾತನ್ನು ನಾನಿಲ್ಲಿ ಬರೆಯುವುದಿಲ್ಲ. ಇಡೀ ತಂಡ ಕೋಚ್ ವಿವಿಯನ್ ಸ್ಟ್ರಿಂಗರ್ ಜೊತೆ ಪತ್ರಕರ್ತರ ಮುಂದೆ ಕೂತು, ಧ್ವನಿ ಏರಿಸದೆ ಉತ್ತರ ಕೊಟ್ಟಿತು. ಕೆಲವೇ ದಿನಗಳಲ್ಲಿ ಅವನ ಕೆಲಸ ಹೋಯಿತು. 18-20 ವರ್ಷದ ಮಕ್ಕಳು ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತದ್ದನ್ನು ನೋಡಿದಾಗ, ಹೊಸ ಊರಿನಲ್ಲಿ ಅಂಗಡಿಯವರ ಜೊತೆ ಮಾತಾಡಲೂ ಹಿಂಜರಿಯುತ್ತಿದ್ದ ನನಗೆ ಏನಾಯಿತು ಅನ್ನುವುದನ್ನು ಇವತ್ತಿಗೂ ಸರಿಯಾಗಿ ಹೇಳಲಾರೆ. ಅಂದಿನಿಂದ ಇದು ನನ್ನ ತಂಡ.

ಸ್ಟ್ರಿಂಗರ್ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು. 1982ರಲ್ಲಿ ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ಹೆಂಗಸರಿಗಾಗಿ ಮೊದಲ ಟೂರ್ನಮೆಂಟ್ ನಡೆಸಿದಾಗ, ಚೇನಿ ಸ್ಟೇಟ್ ಅನ್ನುವ ಕರಿಯರ ಸಣ್ಣ ಕಾಲೇಜನ್ನು ಫೈನಲ್ ತನಕ ಕರೆದೊಯ್ದವರು ಅವರು. (ಅದೇ ವರ್ಷ, ಹೆಂಗಸರ ಹಳೆಯ ಸಂಸ್ಥೆ ನಡೆಸಿದ ಕೊನೆಯ ಟೂರ್ನಮೆಂಟಿನಲ್ಲಿ ಟೆಕ್ಸಸ್ ಅನ್ನು 83-77ರಿಂದ ಸೋಲಿಸಿ ಚಾಂಪಿಯನ್ ಆದದ್ದು ನಮ್ಮ ರಟ್ಗರ್ಸ್. ಇದು ಇಲ್ಲೇ ಓದಿದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.) ಚೇನಿಯಿಂದ ಸ್ಟ್ರಿಂಗರ್ ಅಯೋವಾ ಯೂನಿವರ್ಸಿಟಿಗೆ ಹೋದರು. 1985ರಲ್ಲಿ ಅಲ್ಲಿ ಹುಡುಗಿಯರ ಒಂದು ಆಟ ನೋಡಲು 22,157 ಜನ ಸೇರಿದ್ದರು. ಅದೇ ಅಯೋವಾದಲ್ಲಿ ಆಡಿ ದೇಶಕ್ಕೇ ಹೆಸರಾದ ಕೇಟ್ಲಿನ್ ಕ್ಲಾರ್ಕ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು. 1995ರಿಂದ ರಟ್ಗರ್ಸ್. ಬೇರೆ ಬೇರೆ ಮೂರು ಕಾಲೇಜುಗಳನ್ನು ಕೊನೆಯ ನಾಲ್ಕರ ಘಟ್ಟಕ್ಕೆ ಒಯ್ದ ಮೊದಲ ಕೋಚ್ ಅವರೇ. 2022ರಲ್ಲಿ ನಿವೃತ್ತರಾದಾಗ ಅವರ ಗೆಲುವುಗಳು 1,055. ಭಾನುವಾರ ನೀವು ನೋಡಲಿರುವ ಕೋರ್ಟಿಗೆ ಈಗ ಅವರದೇ ಹೆಸರು.

ಅವರ ತಂಡಗಳ ಜೀವ ಇದ್ದದ್ದು ಡಿಫೆನ್ಸಿನಲ್ಲಿ. '55' ಅಂತ ಕರೆಯುತ್ತಿದ್ದ ಪ್ರೆಸ್ ಅದು. ತಾವು ಬಾಸ್ಕೆಟ್ ಹಾಕಿದ ಮರುಕ್ಷಣವೇ ಎದುರಾಳಿಯನ್ನು ಅವರ ತುದಿಯಲ್ಲೇ ಅಡ್ಡಹಾಕಿ, ಇಡೀ ಕೋರ್ಟಿನುದ್ದ ಉಸಿರಾಡಲು ಬಿಡದ ಆಟ. 53-52 ಅನ್ನುವ ಸ್ಕೋರು ನೋಡಿದರೇ ಗೊತ್ತಾಗುತ್ತದೆ, ಅಲ್ಲಿ ಒಂದೊಂದು ಪಾಯಿಂಟಿಗೂ ಎಷ್ಟು ಬೆವರು ಹರಿದಿರಬೇಕು ಅಂತ.

ನಾರ್ತ್‌ವೆಸ್ಟರ್ನ್ ಕಥೆಯೂ ಡಿಫೆನ್ಸಿನದ್ದೇ. 2008ರಲ್ಲಿ ಅಲ್ಲಿಗೆ ಬಂದ ಕೋಚ್ ಜೋ ಮೆಕ್ಯೂನ್ 'ಬ್ಲಿಝರ್ಡ್' ಅನ್ನುವ ಝೋನ್ ಕಟ್ಟಿದರು, ಅಂದರೆ ಒಬ್ಬೊಬ್ಬ ಎದುರಾಳಿಯ ಬೆನ್ನು ಹತ್ತದೆ ಕೋರ್ಟಿನ ಒಂದೊಂದು ಜಾಗ ಕಾಯುವ ಡಿಫೆನ್ಸ್. ಹಿಮಗಾಳಿಗೆ ಸಿಕ್ಕಿದ ಹಾಗೆ ಎದುರಾಳಿಗೆ ಪಾಸ್ ಮಾಡುವ ದಾರಿಯೇ ಕಾಣಿಸುತ್ತಿರಲಿಲ್ಲ. 2020ರಲ್ಲಿ ಕಾನ್ಫರೆನ್ಸಿನ 18 ಆಟಗಳಲ್ಲಿ 16 ಗೆದ್ದು ಮೇರಿಲ್ಯಾಂಡ್ ಜೊತೆ ಬಿಗ್ ಟೆನ್ ಪ್ರಶಸ್ತಿ ಹಂಚಿಕೊಂಡರು. ರಾಷ್ಟ್ರಮಟ್ಟದ ಟೂರ್ನಮೆಂಟಿಗೆ ಹೊರಡುವ ಹೊತ್ತಿಗೆ ಕೊರೊನಾ ಬಂದು ಎಲ್ಲ ರದ್ದಾಯಿತು. ಅವರ ಅತ್ಯುತ್ತಮ ತಂಡಕ್ಕೆ ತಾನು ಎಷ್ಟು ದೂರ ಹೋಗಬಲ್ಲೆ ಅಂತ ನೋಡುವ ಅವಕಾಶವೇ ಸಿಗಲಿಲ್ಲ. ಆ ತಂಡದ ವೆರೋನಿಕಾ ಬರ್ಟನ್ ಮೂರು ವರ್ಷ ಸತತವಾಗಿ ಬಿಗ್ ಟೆನ್‌ನ ಅತ್ಯುತ್ತಮ ಡಿಫೆಂಡರ್ ಅನಿಸಿಕೊಂಡು, ಈಗ ಹೆಂಗಸರ ವೃತ್ತಿಪರ ಲೀಗ್ ಆದ ಡಬ್ಲ್ಯುಎನ್‌ಬಿಎಯಲ್ಲಿ ಆಡುತ್ತಿದ್ದಾರೆ.

ಇಂಥ ಎರಡು ತಂಡಗಳು ಹೀಗೇಕಾದವು? ಹುಡುಗಿಯರು ಸೋಮಾರಿಗಳಾದರು, ಕೋಚುಗಳಿಗೆ ತಲೆ ಇಲ್ಲ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 2022ರಲ್ಲಿ ರಟ್ಗರ್ಸ್‌ಗೆ ಕೋಚ್ ಆಗಿ ಬಂದ ಕೋಕೀಸ್ ವಾಷಿಂಗ್ಟನ್ ಅದಕ್ಕೂ ಹಿಂದೆ ಪೆನ್ ಸ್ಟೇಟ್ ತಂಡವನ್ನು ಮೂರು ಸಲ ಬಿಗ್ ಟೆನ್ ಚಾಂಪಿಯನ್ ಮಾಡಿದವರು, ವಕೀಲಿಕೆ ಓದಿದವರು, ಡಬ್ಲ್ಯುಎನ್‌ಬಿಎ ಆಟಗಾರ್ತಿಯರ ಸಂಘದ ಮೊದಲ ಅಧ್ಯಕ್ಷೆ. ಬದಲಾದದ್ದು ಸುತ್ತಲಿನ ವ್ಯವಸ್ಥೆ. ಮೊದಲು ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಮೊದಲ ಸಲ ಬದಲಿಸುವವರಿಗೆ ಆ ನಿಯಮ ಹೋಯಿತು, 2024ರಲ್ಲಿ ಎಷ್ಟು ಸಲ ಬದಲಿಸಿದರೂ ಅಡ್ಡಿಯಿಲ್ಲ ಅಂತಾಯಿತು. 2021ರಿಂದಲೇ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಸಂಪಾದಿಸಬಹುದು. ಮಕ್ಕಳಿಗೆ ಸಿಕ್ಕ ಈ ಸ್ವಾತಂತ್ರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕಾಲೇಜುಗಳು ಅವರ ಬೆವರಿನಿಂದ ದುಡ್ಡು ಮಾಡಿಕೊಂಡು ಅವರನ್ನು ಬರಿಗೈಯಲ್ಲಿ ಕಳಿಸುತ್ತಿದ್ದ ಕಾಲ ಮತ್ತೆ ಬರುವುದು ಬೇಡ. ಆದರೆ ಅದರ ಭಾರ ಬಿದ್ದದ್ದು ಇಂಥ ತಂಡಗಳ ಮೇಲೆ. ಒಂದು ಹುಡುಗಿಯನ್ನು ಎರಡು ವರ್ಷ ತಿದ್ದಿ ತೀಡಿ ಆಡಲು ಸಿದ್ಧ ಮಾಡುವಷ್ಟರಲ್ಲಿ, ಮೇಲಿನ ತಂಡವೊಂದು ಬಾಗಿಲು ತೆರೆದಿರುತ್ತದೆ. '55' ಆಗಲಿ 'ಬ್ಲಿಝರ್ಡ್' ಆಗಲಿ ವರ್ಷಗಟ್ಟಲೆ ಒಟ್ಟಿಗೆ ಆಡಿದ ಕಾಲುಗಳಿಗೆ ಒಗ್ಗುವಂಥದ್ದು. ಪ್ರತಿ ಬೇಸಿಗೆಯಲ್ಲಿ ಅರ್ಧ ತಂಡ ಹೊಸದಾದರೆ ಅದನ್ನು ಕಲಿಸುವುದು ಯಾವಾಗ?

ನನ್ನ ಕಾಲೇಜಿನ ದಿನಗಳ ಒಂದು ಆಟ ಹೇಳುತ್ತೇನೆ. ನಮ್ಮದು ಒಂದು ತಾಲ್ಲೂಕಿನ ಡಿಗ್ರಿ ಕಾಲೇಜು, ಹೆಸರು ಬೇಡ. ಹುಡುಗರ ಟೀಮಿಗೆ ಹೊಸ ಜೆರ್ಸಿ, ಹೊಸ ಬಾಲ್. ನಮಗೆ ಅವರು ಆಡಿ ಬಿಟ್ಟ ಬೋಳು ಬಾಲ್. ಜೋನಲ್ ಟೂರ್ನಮೆಂಟಿಗೆ ಹೋಗಲು ಬಸ್ ಚಾರ್ಜ್ ಕೇಳಿದಾಗ, "ಹೋಗಿ ಸೋತು ಬರೋಕೆ ಯಾಕೆ ದುಡ್ಡು" ಅಂದರು. ಪಿ.ಡಿ. ಸರ್ ಒಬ್ಬರು ಮಾತ್ರ ಸ್ವಂತ ಜೇಬಿನಿಂದ ಕೊಟ್ಟು ಕರೆದುಕೊಂಡು ಹೋದರು. ಮೊದಲ ಆಟ 52-9ರಿಂದ ಸೋತೆವು. ಮಾರನೇ ಬೆಳಗ್ಗೆ ಎಂಟಕ್ಕೆ, ಅದೇ ರೀತಿ ಸೋತಿದ್ದ ಇನ್ನೊಂದು ಕಾಲೇಜಿನ ಜೊತೆ ಆಟ. ಕೊನೆಯ ಸ್ಥಾನ ಯಾರಿಗೆ ಅಂತ ತೀರ್ಮಾನಿಸುವ ಆಟ. ನೋಡಲು ಯಾರೂ ಇರಲಿಲ್ಲ. ಆ ಕಾಲೇಜಿನ ಆಯಾ ಒಬ್ಬರು ಪೊರಕೆ ಗೋಡೆಗೆ ಒರಗಿಸಿ, ಮೆಟ್ಟಿಲ ಮೇಲೆ ಕೂತು ಪೂರ್ತಿ ನೋಡಿದರು. 28-31. ಸೋತೆವು. ಆದರೆ ನಾನು ಆಡಿದ ಎಲ್ಲ ಆಟಗಳಲ್ಲಿ ಒಂದೊಂದು ಪಾಸ್ ಕೂಡ ಇವತ್ತಿಗೂ ನೆನಪಿರುವುದು ಅದೊಂದೇ. ಮುಗಿದಮೇಲೆ ಆ ಅಮ್ಮ ಎರಡೂ ಟೀಮಿನ ಹುಡುಗಿಯರಿಗೆ ನೀರು ತಂದುಕೊಟ್ಟು, "ಚೆನ್ನಾಗಿ ಆಡಿದ್ರಿ ಕಣ್ರವ್ವ" ಅಂದರು.

ಭಾನುವಾರ ನಾನು ಆ ಮೆಟ್ಟಿಲ ಮೇಲೆ ಕೂರಲು ಹೋಗುತ್ತಿದ್ದೇನೆ.

ಈಗ ಆಟದ ಮಾತು. ಆಡುವ ಹುಡುಗಿಯರ ಹೆಸರುಗಳನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಸೋಲಿನ ಹೊತ್ತಿನಲ್ಲಿ ಆ ಮಕ್ಕಳ ಬಗ್ಗೆ ಫೋನಿನಲ್ಲಿ ಏನೇನೋ ಬರೆಯುವವರು ಈಗಾಗಲೇ ಸಾಕಷ್ಟಿದ್ದಾರೆ.

ಮೊದಲು ನೋಡಬೇಕಾದ್ದು ಬಾಲ್ ಕಳೆದುಕೊಳ್ಳುವ ಲೆಕ್ಕ. ಸೋಲುತ್ತಿರುವ ತಂಡಗಳು ಶೂಟಿಂಗ್‌ನಿಂದ ಸೋಲುವುದಕ್ಕಿಂತ ಹೆಚ್ಚು ಸೋಲುವುದು ಅವಸರದ ಪಾಸ್‌ನಿಂದ. ಬಾಲ್ ಸಿಕ್ಕಮೇಲೆ ಎಸೆಯಲು ಇರುವ 30 ಸೆಕೆಂಡಿನ ಶಾಟ್ ಕ್ಲಾಕಿನಲ್ಲಿ ಹತ್ತಕ್ಕೇ ಗಾಬರಿಯಾಗಿ ಮೂರು ಪಾಯಿಂಟಿನ ಗೆರೆಯಾಚೆಯಿಂದ ಎಸೆಯಲು ಶುರುಮಾಡಿದರೆ ಅಲ್ಲಿಗೆ ಮುಗಿಯಿತು. ರಟ್ಗರ್ಸ್ 15ಕ್ಕಿಂತ ಕಡಿಮೆ ಸಲ ಬಾಲ್ ಕಳೆದುಕೊಂಡರೆ ಗೆಲುವು ನಮ್ಮದೇ ಅಂತ ನನ್ನ ಲೆಕ್ಕ. ನಾರ್ತ್‌ವೆಸ್ಟರ್ನ್ ಝೋನ್ ಕಟ್ಟಿದರೆ, ನಮ್ಮವರು ಹೊರಗಿನಿಂದ ಎಸೆಯುತ್ತಾ ಕೂರದೆ ಫ್ರೀ ಥ್ರೋ ಗೆರೆಯ ಹತ್ತಿರ ಒಬ್ಬಳನ್ನು ನಿಲ್ಲಿಸಿ, ಬಾಲನ್ನು ಅವಳ ಕೈಗೆ ತಲುಪಿಸಬೇಕು. ಝೋನ್ ಒಡೆಯುವುದು ನಡುವಿನಿಂದಲೇ.

ಎರಡನೆಯದು ಮೂರನೇ ಕ್ವಾರ್ಟರಿನ ಮೊದಲ ಐದು ನಿಮಿಷ. ಕಷ್ಟದಲ್ಲಿರುವ ತಂಡಗಳು ಅರ್ಧ ಆಟದ ತನಕ ಚೆನ್ನಾಗೇ ಇರುತ್ತವೆ. ವಿರಾಮ ಮುಗಿಸಿ ಬಂದಾಗ ಎದುರಾಳಿ ಸಾಲಾಗಿ ಎಂಟು ಪಾಯಿಂಟ್ ಹಾಕಿದರೆ, ಹಳೇ ಸೋಲುಗಳೆಲ್ಲ ಒಟ್ಟಿಗೆ ಬಂದು ಭುಜದ ಮೇಲೆ ಕೂತ ಹಾಗೆ ಕಾಣುತ್ತದೆ. ಆ ಹೊತ್ತಿನಲ್ಲಿ ಬೆಂಚಿನಲ್ಲಿರುವವರನ್ನು ನೋಡಿ. ಅವರು ಎದ್ದು ನಿಂತು ಕೂಗುತ್ತಿದ್ದರೆ ಆ ತಂಡ ಇನ್ನೂ ಆಟದಲ್ಲಿದೆ ಅಂತ ಅರ್ಥ. ಗ್ಯಾಲರಿಯಲ್ಲಿರುವ ನಾವೂ ಕೂಗಬೇಕಾದ್ದು ಆಗಲೇ. 1977ರಲ್ಲಿ ತೆರೆದ ಈ ಅರೀನಾದ ಆಕಾರವೇ ಹಾಗೆ, ಇಳಿಜಾರು ಗೋಡೆ, 8,000 ಸೀಟು. ತುಂಬಿದಾಗ ಕಿವಿ ಗಡಚಿಕ್ಕುತ್ತದೆ. ಖಾಲಿ ಇದ್ದಾಗ ಬೂಟಿನ ಕೀರಲು ಸದ್ದೂ ಮೇಲಿನ ಸಾಲಿನ ತನಕ ಕೇಳುತ್ತದೆ. ಒಬ್ಬರು ಹೆಸರು ಹಿಡಿದು ಚಪ್ಪಾಳೆ ತಟ್ಟಿದರೂ ಆ ಹುಡುಗಿಗೆ ಕೇಳಿಸುತ್ತದೆ.

ರೀಬೌಂಡ್, ಫ್ರೀ ಥ್ರೋ, ಇವು ಎಲ್ಲ ಆಟದಲ್ಲೂ ಇರುವುದೇ. ನನ್ನ ಊಹೆ ಕೇಳಿದರೆ, ರಟ್ಗರ್ಸ್ 63, ನಾರ್ತ್‌ವೆಸ್ಟರ್ನ್ 59. ಕೊನೆಯ ನಿಮಿಷದ ತನಕ ತೀರ್ಮಾನ ಆಗಿರುವುದಿಲ್ಲ.

ನಮ್ಮ ಬೃಂದಾವನ ಕನ್ನಡ ಕೂಟದ ಯುಗಾದಿಗೆ, ದೀಪಾವಳಿಗೆ ಎಷ್ಟು ದೂರದಿಂದ ಡ್ರೈವ್ ಮಾಡಿಕೊಂಡು ಬರುತ್ತೀರಿ! ಓಕ್ ಟ್ರೀ ರೋಡಿಗೆ ಸಾಮಾನು ತರಲು ಬರುವವರಿಗೆ ಈ ಅರೀನಾ ದೂರವೇನಲ್ಲ. ಹೆಣ್ಣುಮಕ್ಕಳಿರುವವರು ಅವರನ್ನು ಕರೆದುಕೊಂಡೇ ಬನ್ನಿ. ಗಂಡುಮಕ್ಕಳಿದ್ದರೆ ಅವರನ್ನೂ.

ಮಗಳಿಗೆ ಡ್ಯೂಕ್ ಕಥೆ ಪೂರ್ತಿ ಹೇಳಿ ಮುಗಿಸಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಮ್ಮಾ, ನಮ್ ಟೀಮಿನ ಇನ್ನಿಬ್ಬರನ್ನ ಕರೀಲಾ? ಕಾರಲ್ಲಿ ಜಾಗ ಇದ್ಯಾ?" ಅಂದಳು. ಇದೆ ಅಂದೆ. ಅವರಿಬ್ಬರು ಹತ್ತಿದ ಮೇಲೂ ಒಂದು ಸೀಟು ಉಳಿಯುತ್ತದೆ. ಬೇಕಿದ್ದವರು ಶನಿವಾರ ರಾತ್ರಿಯೊಳಗೆ ಮೆಸೇಜ್ ಮಾಡಿ.