ಸ್ಪಷ್ಟನೆ: ಕನ್ನಂಬಾಡಿಗೆ ಮುಂಚೆಯೂ ಮಂಡ್ಯದಲ್ಲಿ ನಾಲೆಗಳಿದ್ದವು

‘ಕೆಆರ್‌ಎಸ್ ಕಟ್ಟುವ ತನಕ ಮಂಡ್ಯ ಸೀಮೆಗೆ ನೀರಾವರಿ ಅಂದ್ರೆ ಏನಂತಲೇ ಗೊತ್ತಿರಲಿಲ್ಲ’ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ.

ಕೆಆರ್‌ಎಸ್, ಅಂದರೆ ಕನ್ನಂಬಾಡಿಯ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. ಅದಕ್ಕೂ ಎರಡು ಶತಮಾನ ಮುಂಚೆಯೇ ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆಯಲ್ಲಿ ಕಾವೇರಿ ನೀರು ಹರಿಯುತ್ತಿತ್ತು. ಊರಿನವರ ಬಾಯಲ್ಲಿ ಅದು ಸಿಡಿಎಸ್ ನಾಲೆ. ಬಂಗಾರದೊಡ್ಡಿ ನಾಲೆ ಇನ್ನೂ ಹಳೆಯದು, ಕಂಠೀರವ ನರಸರಾಜ ಒಡೆಯರ ಕಾಲದ್ದು. ಅದನ್ನು ನೋಡಲೇಬೇಕು: ನದಿಯ ಒಂದು ಕವಲಿನ ಮೇಲೆ ಕಲ್ಲಿನ ಮೇಲ್ಗಾಲುವೆ ಕಟ್ಟಿ, ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ದಾಟಿಸಿದ್ದಾರೆ. ಹೊಳೆಯ ಮೇಲೆ ಇನ್ನೊಂದು ಹೊಳೆ! ಇನ್ನು ತೊಣ್ಣೂರು, ಮದ್ದೂರಿನ ಕೆರೆಗಳ ಮಾತು ಬೇರೆಯೇ.

ಹಾಗಂತ ಕೆಆರ್‌ಎಸ್ ಸುಮ್ನೆ ಹೆಸರು ಮಾಡಿಲ್ಲ. ಆ ಹಳೆ ನಾಲೆಗಳಿಗಾಗಿ ನದಿಗೆ ಅಡ್ಡ ಕಟ್ಟಿದ್ದ ಅಣೆಕಟ್ಟೆಗಳು ನೀರನ್ನು ಕೂಡಿಡುತ್ತಿರಲಿಲ್ಲ, ಸ್ವಲ್ಪ ಎತ್ತರಿಸಿ ನಾಲೆಗೆ ತಿರುಗಿಸುತ್ತಿದ್ದವು ಅಷ್ಟೇ. ನದಿ ಸೊರಗಿದರೆ ನಾಲೆಯೂ ಸೊರಗುತ್ತಿತ್ತು. ನಾಲೆಗಿಂತ ಮೇಲಿದ್ದ ಹೊಲಕ್ಕೆ ಹನಿ ನೀರೂ ಏರುತ್ತಿರಲಿಲ್ಲ. ಕೆಆರ್‌ಎಸ್ ಮಳೆಗಾಲದ ನೀರನ್ನು ಹಿಡಿದಿಟ್ಟಿತು. ಹುಲಿಕೆರೆ ಬಳಿ ಗುಡ್ಡ ಕೊರೆದ ಸುರಂಗ ಆ ನೀರನ್ನು ಆಚೆ ಬದಿಗೆ ಒಯ್ದಿತು. ಅದೇ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ. ಮಂಡ್ಯ, ಮದ್ದೂರು, ಮಳವಳ್ಳಿಯ ಒಣ ಹೊಲಗಳಲ್ಲಿ ಕಬ್ಬು ಜಾಸ್ತಿಯಾಗಿದ್ದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು ಇದರಿಂದಲೇ.

ಆದ್ದರಿಂದ ‘ನೀರಾವರಿಯೇ ಇರಲಿಲ್ಲ’ ಅನ್ನುವುದು ತಪ್ಪು. ‘ನದಿ ಪಕ್ಕದ ಜಮೀನಿಗೆ, ಕೆರೆ ಕೆಳಗಿನ ಗದ್ದೆಗೆ ಇತ್ತು, ಮೇಲಿನ ಹೊಲಗಳಿಗೆ ಇರಲಿಲ್ಲ’ ಅಂದರೆ ಸರಿ.